ಮನೆತನಕ್ಕೊಪ್ಪುವ ಮೂತ್ರ

ನನ್ನ ಗಂಡನ ಮನೆಯಿಂದ ಯಾವ ವಸ್ತುವೂ ಇದ್ದ ಹಾಗೇ ಹೊರಗೆ ಹೋಗುವುದಿಲ್ಲ. ಬೀಗರ ಮನೆಗೆ ಕಳಿಸುವ ಹಲಸಿನ ಹಪ್ಪಳದಲ್ಲಿ ಅಂಚು ಮುರಿದದ್ದು ಒಂದೂ ಇರಬಾರದು. ಹುಂಚದಿಂದ ಬರುವ ಬಸ್ಸಿಗೆ ಹಾಕಿ ಕಳಿಸುವ ಬಾಳೆಗೊನೆಯನ್ನೂ ನಮ್ಮತ್ತೆ ಬಟ್ಟೆಯಿಂದ ಒರೆಸುತ್ತಾರೆ. ಮದುವೆಯಾದ ಹೊಸತರಲ್ಲಿ ಇದೆಲ್ಲ ನನಗೆ ಚಂದವಾಗಿಯೇ ಕಂಡಿತ್ತು. ಈ ಅಚ್ಚುಕಟ್ಟು ಒಂದು ದಿನ ನನ್ನ ಮೂತ್ರದವರೆಗೂ ಬಂದು ಮುಟ್ಟುತ್ತದೆ ಎಂದು ಯಾರು ತಾನೇ ಊಹಿಸುತ್ತಾರೆ?

ಅದು ನನ್ನ ಎರಡನೆಯ ಬಸಿರು. ಮೊದಲನೆಯದು ನಿಂತಿರಲಿಲ್ಲ. ಹಾಗಾಗಿ ಈ ಸಲ ಸೀನು ಬಂದರೂ ನನಗೆ ಹೆದರಿಕೆ. ಆರನೇ ತಿಂಗಳಲ್ಲಿ ಉರಿಮೂತ್ರ ಶುರುವಾಯಿತು. ಕೂತರೆ ಉರಿ, ಎದ್ದರೆ ಮತ್ತೆ ಹೋಗಬೇಕೆನ್ನುವ ಅವಸರ.

“ಎಂತದೂ ಇಲ್ಲೆ, ಉಷ್ಣ ಅಷ್ಟೇ,” ಎಂದು ಅತ್ತೆ ತೀರ್ಪು ಕೊಟ್ಟರು. ನಮ್ಮ ಮನೆಯಲ್ಲಿ ಉಷ್ಣಕ್ಕೆ ಸಿಕ್ಕುವಷ್ಟು ಮರ್ಯಾದೆ ಯಾವ ಕಾಯಿಲೆಗೂ ಸಿಕ್ಕುವುದಿಲ್ಲ. ಕಣ್ಣು ಕೆಂಪಾದರೆ ಉಷ್ಣ, ಹಲ್ಲು ನೋವಾದರೆ ಉಷ್ಣ, ಮಾವನವರು ಮಾತು ಮಾತಿಗೆ ರೇಗಿದರೆ ಅದೂ ಉಷ್ಣವೇ.

ಹೊಸನಗರದ ಡಾಕ್ಟರು ಮಾತ್ರ ಉಷ್ಣದ ಸುದ್ದಿ ಎತ್ತಲಿಲ್ಲ. ಮುಚ್ಚಳ ಬಿಗಿದ ಒಂದು ಚಿಕ್ಕ ಡಬ್ಬಿ ಕೊಟ್ಟು, ಬೆಳಗಿನ ಮೊದಲ ಮೂತ್ರವನ್ನು ಹಿಡಿದು ಸಾಗರದ ಲ್ಯಾಬಿಗೆ ಕಳಿಸಿ ಎಂದರು. ಅಲ್ಲಿ ಅದರೊಳಗಿನ ಕ್ರಿಮಿಯನ್ನು ಬೆಳೆಸಿ ನೋಡುತ್ತಾರೆ, ರಿಪೋರ್ಟು ನೋಡಿ ಮಾತ್ರೆ ಬರೆಯುತ್ತೇನೆ ಎಂದರು. ಸಾಗರ ನನ್ನ ತವರು. ಎಡವಟ್ಟು ಶುರುವಾದದ್ದೇ ಅಲ್ಲಿಂದ.

ಮರುದಿನ ಬೆಳಿಗ್ಗೆ ಹೇಳಿದಂತೆಯೇ ಹಿಡಿದು ಬಚ್ಚಲ ಕಟ್ಟೆಯ ಮೇಲಿಟ್ಟೆ. ಅಕ್ಕಿ ತೊಳೆದ ನೀರಿನ ಹಾಗೆ ಕದಡಿತ್ತು, ವಾಸನೆಯೂ ಇತ್ತು. ಸ್ನಾನ ಮುಗಿಸಿ ಬರುವಷ್ಟರಲ್ಲಿ ಅತ್ತೆ ಅದನ್ನು ಹಿತ್ತಲಿಗೆ ಚೆಲ್ಲಿ, ಡಬ್ಬಿಯನ್ನು ಬಿಸಿನೀರಿನಲ್ಲಿ ತಿಕ್ಕಿ ತೊಳೆದು ಬಿಸಿಲಿಗೆ ಕವುಚಿಟ್ಟಿದ್ದರು.

“ಅದನ್ನ ಸಾಗರಕ್ಕೆ ಕಳಿಸ್ತ್ಯಾ? ಅಲ್ಲಿ ನಿನ್ನ ಅಪ್ಪನ ಮನೆ ಕಡೆಯವು ಇದ್ದ. ನೋಡಿದವು ಎಂತ ತಿಳ್ಕತ್ತ? ಎಂಗೊ ಸೊಸೆಗೆ ಕುಡಿಯಲೆ ನೀರೂ ಕೊಡ್ತ್ವಿಲ್ಲೆ ಹೇಳ್ತ!”

ಲ್ಯಾಬಿನಲ್ಲಿ ನಮ್ಮ ನೆಂಟರು ಯಾರೂ ಇಲ್ಲ ಎಂದೆ. ಕೊಳಕನ್ನು ನೋಡುವುದಕ್ಕೇ ಅವರು ಕೇಳಿರುವುದು ಎಂದೆ. ಗಂಟಲು ಹರಿಯುವಂತೆ ಹೇಳಿದೆ. ಅಷ್ಟರಲ್ಲಿ ಬಾರ್ಲಿ ನೀರು ಬಂತು. ಅದರ ಹಿಂದೆ ಎಳನೀರು, ಎಳನೀರಿನ ಹಿಂದೆ ಜೀರಿಗೆ ಕಷಾಯ. ಮತ್ತೆ ಬಾರ್ಲಿ ನೀರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನ್ನ ಗಂಡ ರಸ್ತೆಯ ಕಡೆ ನೋಡುತ್ತ, “ಮೂತ್ರ ಅಂದ್ರೆ ಮೂತ್ರವೇ ಅಲ್ದಾ? ಬಸ್ಸು ಬತ್ತು, ಬೇಗ ಕೊಡು,” ಎಂದರು. ಅವರ ಪಾಠ ಕೇಳಿ ಪಾಸಾದ ಮಕ್ಕಳ ಬಗ್ಗೆ ನನಗೆ ಈಗಲೂ ಕನಿಕರವಿದೆ.

ಅಷ್ಟೆಲ್ಲ ಕುಡಿಸಿದ ಮೇಲೆ, ಕೊನೆಗೆ ತೊಳೆದ ಅದೇ ಡಬ್ಬಿಯಲ್ಲಿ ಬಸ್ಸು ಹತ್ತಿದ್ದು ಒರತೆಯ ನೀರಿನಷ್ಟು ತಿಳಿಯಾದ ಮೂತ್ರ. ಬಾಳೆ ಎಲೆ ಸುತ್ತಿ, ದಾರ ಕಟ್ಟಿ, ಕಂಡಕ್ಟರ ಕೈಗೇ ಕೊಟ್ಟರು. ಅವನು ಅದನ್ನು ತುಪ್ಪ ಎಂದುಕೊಂಡಿದ್ದರೆ ತಪ್ಪು ಅವನದಲ್ಲ.

ರಿಪೋರ್ಟು ಫೋನಿಗೆ ಬಂತು: ಹೇಳಿಕೊಳ್ಳುವಂಥ ಕ್ರಿಮಿ ಏನೂ ಬೆಳೆದಿಲ್ಲ. ಅತ್ತೆಯ ಮುಖದಲ್ಲಿ ಮಗ ರ‍್ಯಾಂಕ್ ಬಂದಷ್ಟು ಹಿಗ್ಗು. ಮಾವ ಅದನ್ನು ತಮ್ಮ ಅಣ್ಣತಮ್ಮಂದಿರಿಗೆಲ್ಲ ಕಳಿಸಿದರು. ರಿಪೋರ್ಟೇ ಸರಿಯಿದ್ದ ಮೇಲೆ ಡಾಕ್ಟರ ಹತ್ತಿರ ಯಾಕೆ ಎಂದರು. ಉರಿ ಇನ್ನೂ ಇದೆ ಎಂದರೆ, “ನಿಂಗೆ ಹೆದರಿಕೆ ಜಾಸ್ತಿ ಆಜು,” ಎಂಬ ಉತ್ತರ.

ಆ ವಾರ ಕಳೆಯುವುದರೊಳಗೆ ಹಲ್ಲು ಕಟಕಟ ಎನ್ನುವಷ್ಟು ಚಳಿಜ್ವರ ಬಂತು. ಬೆನ್ನಿನ ಒಂದು ಬದಿಯನ್ನು ಮುಟ್ಟಲಾಗದು, ಹೊಟ್ಟೆ ಬಿಟ್ಟು ಬಿಟ್ಟು ಬಿಗಿಯುತ್ತಿದೆ. ಕಾರಿನಲ್ಲಿ ತೀರ್ಥಹಳ್ಳಿಯ ಆಸ್ಪತ್ರೆಗೆ ಹೋಗುವಾಗ ದಾರಿಯುದ್ದಕ್ಕೂ ಹೊಟ್ಟೆ ಹಿಡಿದುಕೊಂಡು, ಇದೊಂದು ಉಳಿಯಲಿ, ಇದೊಂದು ಉಳಿಯಲಿ ಎಂದು ಬೇಡಿಕೊಂಡೆ. ದೇವರನ್ನು ಬೇಡಿದೆನೋ ಯಾರನ್ನೋ ಗೊತ್ತಿಲ್ಲ.

ಸೋಂಕು ಕಿಡ್ನಿಗೆ ಏರಿತ್ತು. ಅಲ್ಲಿ ಹೊಸದಾಗಿ ಮೂತ್ರ ತೆಗೆದುಕೊಂಡರು, ಯಾರ ಅಲಂಕಾರವೂ ಇಲ್ಲದ್ದು. ಕ್ರಿಮಿ ಕಂತೆಗಟ್ಟಲೆ ಬೆಳೆಯಿತು. ರೌಂಡ್ಸಿಗೆ ಬಂದ ಲೇಡಿ ಡಾಕ್ಟರು ಹಾಸಿಗೆಯ ಸುತ್ತ ನಿಂತ ನಮ್ಮವರಿಗೆಲ್ಲ ಸಮಾಧಾನವಾಗಿ ವಿವರಿಸಿದರು.

“ಈ ಬ್ಯಾಕ್ಟೀರಿಯಾ ಎಲ್ಲರ ಕರುಳಲ್ಲೂ ಇರತ್ತೆ, ಅಲ್ಲಿ ಏನೂ ತೊಂದ್ರೆ ಕೊಡಲ್ಲ. ಆದ್ರೆ ಕೆಲವಕ್ಕೆ ಬೇರೆ ಥರದ ಜೀನ್ ಇರ್ತವೆ. ಒಂದು ಜೀನಿಂದ ಮೂತ್ರಕೋಶದ ಗೋಡೆಗೆ ಕಚ್ಚಿಕೊಳ್ಳೋ ಕೊಕ್ಕೆ, ಇನ್ನೊಂದರಿಂದ ವಿಷ, ಮತ್ತೊಂದರಿಂದ ನಮ್ಮ ಮೈಯ ಕಬ್ಬಿಣ ಕದಿಯೋ ಉಪಾಯ. ಅಂಥದ್ದು ಬಸುರಿಯರಿಗೆ ತಗುಲಿದ್ರೆ ಹೀಗೆ ಮೇಲೆ ಹತ್ತತ್ತೆ. ಮೊದಲೇ ಗೊತ್ತಾಗಿದ್ರೆ ಮಾತ್ರೇಲೇ ಹೋಗ್ತಿತ್ತು.”

ಅತ್ತೆ ತಲೆ ತಗ್ಗಿಸಿದರು. ನನ್ನ ಗಂಡ ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಮಾವ ಮಾತ್ರ ಇಡೀ ವಿವರಣೆಯಲ್ಲಿ ತಮಗೆ ಬೇಕಾದ ಒಂದು ಶಬ್ದವನ್ನು ಆರಿಸಿಕೊಂಡು, ಫೋನು ತೆಗೆದು ಬಾಗಿಲಲ್ಲಿ ನಿಂತರು.

ಅಷ್ಟು ಹೊತ್ತಿಗೆ ನನಗೆ ಬೇರೆಯೇ ಚಿಂತೆ ಹತ್ತಿತ್ತು. ಬೆಳಗಿನಿಂದ ಮಗು ಒದ್ದಿರಲಿಲ್ಲ. ಹೇಳಿದ ಕೂಡಲೇ ಡಾಕ್ಟರು ಮಾತು ನಿಲ್ಲಿಸಿ, ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿ, ಎದೆಬಡಿತ ಕೇಳಿಸುವ ಯಂತ್ರವನ್ನು ಒತ್ತಿದರು. ಬರೀ ಗೊರಗೊರ. ಬದಿಗೆ ಸರಿಸಿದರು. ಅಲ್ಲೂ ಗೊರಗೊರ. ಅವರ ಹುಬ್ಬು ಗಂಟಿಕ್ಕಿದ್ದನ್ನು ನಾನು ನೋಡಿದೆ. ಮೊದಲನೆಯ ಸಲವೂ ಒಬ್ಬರ ಹುಬ್ಬು ಹೀಗೇ ಗಂಟಿಕ್ಕಿತ್ತು.

“ಸ್ವಲ್ಪ ಸುಮ್ನಿರಿ ಎಲ್ಲರೂ,” ಎಂದರು ಡಾಕ್ಟರು.

ಬಾಗಿಲಿಂದ ಮಾವನ ಗಟ್ಟಿ ದನಿ ಮಾತ್ರ ಬರುತ್ತಲೇ ಇತ್ತು. ಆ ಕಡೆ ಅವರ ಅಣ್ಣ ಇದ್ದಿರಬೇಕು. “ಜೀನಿಂದ ಬತ್ತಡ ಇದು. ಎಂಗಳ ಮನೆತನದಲ್ಲಿ ಅಂಥಾ ಜೀನು ಯಾರಿಗೂ ಇಲ್ಲೆ. ಸೊಸೆಯ ಅಪ್ಪನ ಮನೆ ಕಡೆಯಿಂದ ಬಂದಿಕ್ಕು…”

“ಬಾಯಿ ಮುಚ್ಚಿ ಮಾವ!”

ಕೂಗಿದ್ದು ನಾನೇ. ವಾರ್ಡಿನ ಆ ತುದಿಯಲ್ಲಿದ್ದ ಬಾಣಂತಿ ಎದ್ದು ಕೂತಳು. ನರ್ಸ್ ಟ್ರೇ ಹಿಡಿದಲ್ಲೇ ನಿಂತಳು. ನಾಲ್ಕು ತಲೆಮಾರಿನಿಂದ ಯಾವ ಸೊಸೆಯೂ ಆ ಮನೆಯ ಯಜಮಾನನಿಗೆ ಆಡದ ಮಾತು ಅದು. ಮಾವನ ಬಾಯಿ ತೆರೆದೇ ಇತ್ತು, ಸ್ವರ ಮಾತ್ರ ನಿಂತಿತ್ತು.

ಆ ನಿಶ್ಶಬ್ದದಲ್ಲಿ ಡಾಕ್ಟರು ಯಂತ್ರವನ್ನು ಇನ್ನೊಂದಿಷ್ಟು ಕೆಳಗೆ ಸರಿಸಿದರು. ದಬದಬ, ದಬದಬ, ದಬದಬ. ಓಡಿ ಬಂದವರ ಎದೆಯ ಹಾಗೆ ಹೊಡೆದುಕೊಳ್ಳುತ್ತಿತ್ತು. ಅತ್ತೆ ಸೆರಗಿಗೆ ಮುಖ ಒತ್ತಿಕೊಂಡು ಬಿಕ್ಕಿದರು. ನನಗೂ ಅಳು ಬಂತು. ಅಷ್ಟು ಸಂತೋಷ, ಅಷ್ಟು ಸಿಟ್ಟು ಎರಡೂ ಒಟ್ಟಿಗೆ ನನಗೆ ಎಂದೂ ಬಂದಿರಲಿಲ್ಲ.

ಹಿರಿಯರಿಗೆ ಹಾಗೆ ಹೇಳಬಾರದಿತ್ತು, ಒಂದು ಸಲ ಕ್ಷಮೆ ಕೇಳಿಬಿಡು ಎಂದು ಗಂಡ ಕಿವಿಯಲ್ಲಿ ಪಿಸುಗುಟ್ಟಿದರು. ಮಗಳು ಹುಟ್ಟಿ, ನಡೆದು, ಈಗ ಅಜ್ಜನ ಕನ್ನಡಕ ಎಳೆಯುವಷ್ಟು ದೊಡ್ಡವಳಾಗಿದ್ದಾಳೆ. ನಾನು ಇನ್ನೂ ಕೇಳಿಲ್ಲ.