ಡೀಪ್ ಫ್ರೀಜರ್‌ನಲ್ಲಿ ಸಿಕ್ಕ ಮಂಗಳವಾರ

ಹೋದ ತಿಂಗಳು ಒಂದು ಸೋಮವಾರ ಮಧ್ಯಾಹ್ನ ಹುಲಿಗೆಮ್ಮ ನಮ್ಮ ಮನೆ ಬಾಗಿಲಿಗೆ ಬಂದು ನಿಂತಳು. ಒಳಗೆ ಬಾ ಅಂದರೂ ಬರಲಿಲ್ಲ. ಹೊಸ್ತಿಲಲ್ಲೇ ನಿಂತು ಒಂದು ಡೈರಿ ತೆರೆದು ನನ್ನ ಮುಖಕ್ಕೆ ಹಿಡಿದಳು.

“ಓದಕ್ಕ.”

ಓದಲು ಏನೂ ಇರಲಿಲ್ಲ. ಅಚ್ಚು ಹಾಕಿದ ಗೆರೆಗಳಿದ್ದವು. ಪುಟದ ಕೆಳಗೆ ಮೇಲ್ವಿಚಾರಕಿಯ ನೀಲಿ ಸಹಿ ಇತ್ತು. ನಡುವೆ ಬಿಳಿ. ಹಿಂದಿನ ಪುಟವೂ ಬಿಳಿ, ಅದರ ಹಿಂದಿನದೂ ಬಿಳಿ. (ಖಾಲಿ ಹಾಳೆಯ ಮೇಲೆ ಸಹಿ ನಮ್ಮಲ್ಲಿ ಹೊಸದೇನಲ್ಲ ಅನ್ನುತ್ತೀರಿ. ಸ್ವಲ್ಪ ತಡೆಯಿರಿ.)

“ನಾಕು ತಿಂಗಳು ಬರ್ದಿದ್ದೆನಕ್ಕ. ಮುಂಜಾನಿ ಇತ್ತು. ಸ್ಕೂಟರ್ ಡಿಕ್ಕ್ಯಾಗ ಇಟ್ಟು ಮೀಟಿಂಗಿಗೆ ಹೋದೆ. ಹೊರಗ ಬಂದು ತಗದ್ರ ಹಿಂಗ.”

ಹುಲಿಗೆಮ್ಮ ಆಶಾ ಕಾರ್ಯಕರ್ತೆ. ನಮ್ಮ ಹಳ್ಳಿಯವಳು, ನನಗಿಂತ ಆರು ವರ್ಷ ಚಿಕ್ಕವಳು. ಹೊಸಪೇಟೆಯಿಂದ ಸಂಡೂರಿನ ಕಡೆ ಹೋಗುವ ದಾರಿಯಲ್ಲಿದೆ ನಮ್ಮ ಹಳ್ಳಿ. ಹೆಸರು ಬೇಡ. ಇಲ್ಲಿ ಬರುವ ಜನರ ಹೆಸರುಗಳನ್ನೂ ಬದಲಿಸಿದ್ದೇನೆ. ನಮ್ಮ ಕೇರಿಯಲ್ಲಿ ಪೆನ್ನು ಹಿಡಿದು ದುಡಿದ ಮೊದಲ ಹೆಂಗಸು ನಾನು, ಈಗ ಹೊಸಪೇಟೆಯಲ್ಲಿದ್ದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಎರಡನೆಯವಳು ಹುಲಿಗೆಮ್ಮ. ತಾಲೂಕಿನಲ್ಲಿ ಮೀಟಿಂಗ್ ಇದ್ದ ದಿನ ಅವಳ ಊಟ ನಮ್ಮ ಮನೆಯಲ್ಲೇ.

ಆ ಸೋಮವಾರ ಅವಳು ಊಟ ಮಾಡಲಿಲ್ಲ.

ಎರಡು ದಿನದ ಹಿಂದೆ, ಶನಿವಾರ, ಅವಳ ಪಟ್ಟಿಯಲ್ಲಿದ್ದ ರೇಣುಕಾ ಎಂಬ ಎಂಟು ತಿಂಗಳ ಗರ್ಭಿಣಿ ಸತ್ತುಹೋಗಿದ್ದಳು. ಕಂಪ್ಲಿಯ ಹುಡುಗಿ, ನಮ್ಮೂರಿಗೆ ಮದುವೆಯಾಗಿ ಬಂದವಳು. ಫಿಟ್ಸ್ ಬಂದು, ಹೊಸಪೇಟೆ ಮುಟ್ಟುವ ಮೊದಲೇ ಆಂಬುಲೆನ್ಸಿನಲ್ಲಿ ಜೀವ ಹೋಯಿತು. ಮಗುವೂ ಉಳಿಯಲಿಲ್ಲ. ಬಿ.ಪಿ. ಏರಿದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲವೇ? ಆಶಾ ಅವಳನ್ನು ನೋಡಿದ್ದಳೇ? ನೋಡಿ ಆಸ್ಪತ್ರೆಗೆ ಹೋಗು ಎಂದು ಹೇಳಿದ್ದಳೇ? ವಿಚಾರಣೆ ಶುರುವಾಗಿತ್ತು. ರೇಣುಕಾಳ ಅತ್ತೆ ಊರ ಮಂದಿಯೆದುರು “ಆಕಿ ನಮ್ಮ ಮನಿಗೆ ಬಂದೇ ಇಲ್ಲ” ಅಂದಿದ್ದಳು. ಹುಲಿಗೆಮ್ಮ ಮಂಗಳವಾರವೇ ಹೇಳಿದ್ದೇನೆ, ಬರೆದೂ ಇದ್ದೇನೆ ಅನ್ನುತ್ತಿದ್ದಳು. ಬರೆದದ್ದು ಎಲ್ಲಿ?

ಅವಳ ಕೈಯಲ್ಲಿದ್ದ ಪೆನ್ನು ನೋಡಿದೆ.

ಆ ಪೆನ್ನು ಕೊಟ್ಟವಳು ನಾನು.

ನೀವು ಅದನ್ನು ನೋಡಿರುತ್ತೀರಿ. ಜೆಲ್ ಪೆನ್ನಿನ ಹಾಗೇ ಬರೆಯುತ್ತದೆ. ತಪ್ಪಾದರೆ ಹಿಂದಿನ ರಬ್ಬರಿನಂಥ ತುದಿಯಿಂದ ಉಜ್ಜಿದರೆ ಸಾಕು, ಅಕ್ಷರ ಮಾಯ. ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಎರಡು ಕೊಂಡಿದ್ದೆ. ಹುಲಿಗೆಮ್ಮನಿಗೆ ಅದು ಬೇಕಾದದ್ದಕ್ಕೆ ಕಾರಣವಿತ್ತು. ಅವರ ಡೈರಿಯಲ್ಲಿ ತಪ್ಪಿನ ಮೇಲೆ ಗೆರೆ ಎಳೆದು ಕಾಟು ಹೊಡೆದಿದ್ದರೆ ಮೇಲ್ವಿಚಾರಕಿ ಬೈಯುತ್ತಿದ್ದರು. “ಇದೇನ್ರೀ, ಕೋಳಿ ಕೆದರಿದಂಗ ಐತಿ, ಮತ್ತ ಬರ್ಕೊಂಡ್ ಬರ್ರಿ.” ದಿನವೆಲ್ಲ ಬಿಸಿಲಲ್ಲಿ ಮನೆಮನೆ ತಿರುಗಿ ಬಂದವಳು ರಾತ್ರಿ ಕುಳಿತು ಪುಟಗಳನ್ನು ಮತ್ತೆ ಬರೆಯಬೇಕು. ನೋಡಲಾಗದೆ ಪೆನ್ನು ಕೊಟ್ಟೆ. (ನಾನಾಗಿಯೇ ಕೊಟ್ಟೆ ಎಂದು ಹುಲಿಗೆಮ್ಮ ಹೇಳುತ್ತಾಳೆ. ಅವಳು ಕೇಳಿದ ಮೇಲೆ ಕೊಟ್ಟೆ ಎಂದು ನನ್ನ ನೆನಪು. ಇಬ್ಬರಲ್ಲಿ ಒಬ್ಬರದು ತಪ್ಪು.)

ಅಂದಿನಿಂದ ಅವಳ ಡೈರಿ ಬಲು ಚೊಕ್ಕ. ಮೇಲ್ವಿಚಾರಕಿ ಉಳಿದ ಆಶಾಗಳಿಗೆ ಅದನ್ನು ತೋರಿಸಿ ಹಿಂಗ ಬರೀರಿ ಅಂದಿದ್ದರಂತೆ.

ನನಗೆ ಪೆನ್ನು ಸಿಕ್ಕದ್ದು ಐದನೇ ಇಯತ್ತೆಯಲ್ಲಿ. ಅಲ್ಲಿಯವರೆಗೆ ಬಳಪ, ಸೀಸದಕಡ್ಡಿ. ಪೆನ್ನು ಕೊಡುವಾಗ ಮಾಸ್ತರರು, ಇನ್ನು ಮೇಲೆ ಬರೆದದ್ದು ಅಳಿಸಲು ಬರುವುದಿಲ್ಲ, ಯೋಚಿಸಿ ಬರೆಯಿರಿ ಅಂದಿದ್ದರು. ಪೆನ್ನಿನ ಇಡೀ ಚರಿತ್ರೆ ಆ ಮಾತಿನಲ್ಲಿದೆ ಅನಿಸುತ್ತದೆ. ತಾಳೆಗರಿಯ ಕಾಲದಲ್ಲಿ ಕಬ್ಬಿಣದ ಮೊನೆಯಿಂದ ಗರಿಯನ್ನೇ ಗೀರಿ, ಗೀರಿನೊಳಗೆ ಮಸಿ ತುಂಬುತ್ತಿದ್ದರು. ಆಮೇಲೆ ಅದ್ದಿ ಬರೆಯುವ ಟಾಕು ಬಂತು, ಜೊತೆಗೆ ಮಸಿಯ ದೌತಿ. ನಮ್ಮೂರಲ್ಲಿ ಅವೆರಡೂ ಇದ್ದದ್ದು ಶಾನುಭೋಗರ ಮನೆಯಲ್ಲಿ. ನಮ್ಮಜ್ಜ ಅವನ್ನು ಅಂಗಳದಲ್ಲಿ ನಿಂತು ನೋಡಿದ್ದ, ಒಳಗೆ ಬಿಡುತ್ತಿರಲಿಲ್ಲ. ಅದ್ದುವ ತೊಂದರೆ ತಪ್ಪಿಸಿದ್ದು ಇಂಕ್ ಪೆನ್ನು. ನಿಬ್ಬಿನ ಸೀಳಿನಲ್ಲಿ ಇಂಕು ತಾನೇ ಇಳಿಯುತ್ತದೆ, ಇಳಿದಷ್ಟು ಗಾಳಿ ಒಳಗೆ ಹೋಗಬೇಕು, ಗಾಳಿ ಹೋಗದಿದ್ದರೆ ಬರಹ ನಿಲ್ಲುತ್ತದೆ. ಬಾಲ್ ಪೆನ್ನಿನ ತುದಿಯಲ್ಲಿ ಸಾಸಿವೆಗಿಂತ ಸಣ್ಣ ಗುಂಡು. ಅದು ಉರುಳುತ್ತ ಜಿಡ್ಡಿನಂಥ ಇಂಕನ್ನು ಕಾಗದಕ್ಕೆ ಮೆತ್ತುತ್ತದೆ. ಇಷ್ಟೆಲ್ಲ ಬುದ್ಧಿ ಖರ್ಚಾದದ್ದು ಒಂದೇ ಕೆಲಸಕ್ಕೆ. ಬರೆದದ್ದು ಉಳಿಯಬೇಕು.

ಉಳಿಯಬಾರದ ಇಂಕನ್ನು ಮಾಡಿದ್ದು ನಮ್ಮ ಕಾಲ.

ಅದರ ಗುಟ್ಟು ನಮ್ಮ ಕಾಲೇಜಿನ ಕೆಮಿಸ್ಟ್ರಿ ಮೇಡಂ ಬಿಡಿಸಿ ಹೇಳಿದರು. ಆ ಇಂಕು ಉಜ್ಜಿದರೆ ಹೋಗುವುದು ಉಜ್ಜಿದ್ದಕ್ಕಲ್ಲ, ಉಜ್ಜಿದಾಗ ಹುಟ್ಟುವ ಶಾಖಕ್ಕೆ. ಅರವತ್ತು ಡಿಗ್ರಿ ಮುಟ್ಟಿದರೆ ಬಣ್ಣ ಮಾಯ. ಅಕ್ಷರದ ಮೇಲೆ ಬಿಸಿ ಚಹಾದ ಲೋಟ ಇಟ್ಟರೂ ಸಾಕಂತೆ. ಹೊಸಪೇಟೆಯ ಬಿಸಿಲಲ್ಲಿ, ಮರದ ನೆರಳಿಲ್ಲದ ಕಡೆ ನಾಲ್ಕು ತಾಸು ನಿಂತ ಕರಿ ಸ್ಕೂಟರಿನ ಡಿಕ್ಕಿ? ಅಲ್ಲಿ ಡೈರಿ ಬೆಂದಿತ್ತು. ಈ ಪೆನ್ನು ಮಾಡಿದವರು ನಮ್ಮ ಏಪ್ರಿಲ್ ತಿಂಗಳನ್ನು ನೋಡಿರಲಿಕ್ಕಿಲ್ಲ.

“ಆದ್ರೆ ಇಂಕು ಎಲ್ಲೂ ಹೋಗಿಲ್ಲ” ಅಂದರು ಕೆಮಿಸ್ಟ್ರಿ ಮೇಡಂ. “ಕಾಗದದ ಮೇಲೇ ಇದೆ, ಬಣ್ಣ ಮಾತ್ರ ಹೋಗಿದೆ. ಸೊನ್ನೆಗಿಂತ ಹತ್ತು ಹದಿನೈದು ಡಿಗ್ರಿ ಕೆಳಗೆ ಇಟ್ಟು ನೋಡಿ.”

ನಮ್ಮ ಮನೆಯ ಫ್ರಿಜ್ಜಿಗೆ ಆ ಶಕ್ತಿ ಇಲ್ಲ. ಬುಧವಾರ ಬೆಳಿಗ್ಗೆ ಡೈರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ನಮ್ಮ ಬೀದಿಯ ಐಸ್‌ಕ್ರೀಂ ಅಂಗಡಿಗೆ ಇಬ್ಬರೂ ಹೋದೆವು. ಅಂಗಡಿಯ ಬಾಷಾಸಾಬ್ ಡೀಪ್ ಫ್ರೀಜರ್ ತೆರೆದು, ಚೀಲವನ್ನು ಮೇಲೆ ಕೆಳಗೆ ನೋಡಿದರು.

“ಮೇಡಂ, ಇದ್ಯಾವ ಫ್ಲೇವರ್ರೀ?”

“ಇಟ್ಟಿರ್ರಿ ಬಾಷಾಸಾಬ್, ಆಮ್ಯಾಲ ಹೇಳ್ತೀನಿ.”

“ಇಡ್ತೀನಿ, ಆದ್ರ ಯಾರರ ಕೇಳಿದ್ರ ರೇಟ್ ಎಷ್ಟು ಹೇಳ್ಲಿ?”

ಹುಲಿಗೆಮ್ಮ ನಕ್ಕಳು. ಶನಿವಾರದ ನಂತರ ಅವಳು ನಕ್ಕದ್ದು ಅದೊಂದೇ ಸಲ. ಆ ನಗು ನನಗೆ ಚೆನ್ನಾಗಿ ನೆನಪಿದೆ. ಬೇಡದ ವಿವರಗಳು ಹೇಗೆ ಅಚ್ಚೊತ್ತಿ ಕೂರುತ್ತವೆ ನೋಡಿ.

ಎರಡು ತಾಸಿನ ನಂತರ ಚೀಲ ಬಿಚ್ಚಿದೆವು. ಅಕ್ಷರಗಳು ಬಂದಿದ್ದವು. ಮಾಸಿದ ನೀಲಿಯಲ್ಲಿ, ಸಾಲು ಸಾಲಾಗಿ, ನಾಲ್ಕು ತಿಂಗಳು ಪೂರ್ತಿ. ಹುಲಿಗೆಮ್ಮ ತಣ್ಣನೆ ಪುಟವನ್ನು ಕೆನ್ನೆಗೆ ಒತ್ತಿಕೊಂಡಳು. ನಾನು ಅವಳ ಕೈಯಿಂದ ಡೈರಿ ತೆಗೆದುಕೊಂಡು ಮಂಗಳವಾರದ ಪುಟ ಹುಡುಕಿದೆ.

“ರೇಣುಕಾ, ಎಂಟನೇ ತಿಂಗಳು. ಕಾಲು ಬಾವು, ತಲೆನೋವು. ಇವತ್ತೇ ದೊಡ್ಡಾಸ್ಪತ್ರೆಗೆ ಹೋಗಲು ತಿಳಿಸಿದೆ.”

ಇತ್ತು. ಬರೆದಿದ್ದಳು.

ಆದರೆ ಅದೇ ಸಾಲಿನ ಅಡಿಯಲ್ಲಿ ಇನ್ನೊಂದು ಸಾಲು ಇಣುಕುತ್ತಿತ್ತು. ಫ್ರೀಜರ್‌ಗೆ ಭೇದಭಾವವಿಲ್ಲ. ಬಿಸಿಲು ಅಳಿಸಿದ್ದನ್ನು ತರುವಾಗ, ಹುಲಿಗೆಮ್ಮ ಕೈಯಾರೆ ಉಜ್ಜಿ ಅಳಿಸಿದ್ದನ್ನೂ ತಂದಿತ್ತು. ಒಂದರ ಮೇಲೊಂದು ಕೂತ ಅಕ್ಷರಗಳನ್ನು ಬಿಡಿಸಿ ಓದಿದೆ.

“ಮನೆ ಬೀಗ. ಭೇಟಿ ಆಗಿಲ್ಲ.”

“ಇದೇನ್ ಹುಲಿಗೆಮ್ಮ?”

“ಮುಂಜಾನಿ ಹೋದಾಗ ಬೀಗ ಇತ್ತಕ್ಕ. ಹಂಗ ಬರ್ದೆ. ಸಂಜಿಮುಂದ ನಳದ ಹತ್ರ ಸಿಕ್ಳು. ಕಾಲು ಬಾತು ಮಡಿಕಿ ಆಗಿದ್ವು. ನಾಳಿ ಬ್ಯಾಡ, ಇವತ್ತ ಹೋಗವ್ವ ಅಂದೆ. ಹ್ಞೂಂ ಅಂದ್ಳು. ಮನಿಗೆ ಬಂದು ಮೊದ್ಲಿಂದು ಅಳಿಸಿ ಇದು ಬರ್ದೆ.”

“ಕಾಟು ಹೊಡ್ದು ಕೆಳಗ ಬರೀಬೇಕಿತ್ತಲ್ಲ?”

“ಕಾಟು ಹೊಡೀಬಾರ್ದಂತನ ನೀ ಈ ಪೆನ್ನು ಕೊಟ್ಟಿದ್ದಿಲ್ಲೇನು?”

ಡೈರಿ ಮುಚ್ಚಿ ಚೀಲಕ್ಕೆ ಹಾಕಿದೆ.

ಕಾಟು ಹೊಡೆದಿದ್ದರೆ ಏನಾಗುತ್ತಿತ್ತು? ಮೊದಲ ಸಾಲು, ಅದರ ಮೇಲೊಂದು ಗೆರೆ, ಕೆಳಗೆ ಎರಡನೆಯ ಸಾಲು. ಬೆಳಿಗ್ಗೆ ಹೀಗಿತ್ತು, ಸಂಜೆ ಹೀಗಾಯಿತು ಎಂದು ಅದೇ ಹೇಳುತ್ತಿತ್ತು. ರೇಣುಕಾ ಸಾಯುವ ಮೊದಲೇ, ಗುರುವಾರ, ಚೊಕ್ಕ ಇದೆಯೇ ಎಂದಷ್ಟೇ ನೋಡಿ ಹಾಕಿದ ಮೇಲ್ವಿಚಾರಕಿಯ ಸಹಿ ಆ ಕಾಟಿನ ಕೆಳಗೇ ಬೀಳುತ್ತಿತ್ತು. ನಾವು ಕೊಳಕು ಅಂದುಕೊಂಡ ಆ ಗೆರೆಯೇ ಅವಳ ಸಾಕ್ಷಿಯಾಗುತ್ತಿತ್ತು. ಶಾಲೆಯಲ್ಲಿ ಶುಚಿಗೆ ಐದು ಅಂಕ ಕೊಟ್ಟು ಬೆಳೆಸಿದ ಜನ ನಾವು. ಹಂಪಿಯ ಶಾಸನಗಳ ಮುಂದೆ ವಿದ್ಯಾರ್ಥಿಗಳನ್ನು ನಿಲ್ಲಿಸಿ, ನೋಡಿ, ಒಂದೂ ಕಾಟಿಲ್ಲ ಎಂದು ಪ್ರತಿ ವರ್ಷ ಹೆಮ್ಮೆಯಿಂದ ಹೇಳುತ್ತಿದ್ದವಳು ನಾನೇ. ಕಲ್ಲು ಕೆತ್ತಿದವನ ಕೈ ಎಂದೂ ತಪ್ಪಿರಲಿಲ್ಲವೇ? ತಪ್ಪಿದ ಕಲ್ಲನ್ನು ಎಲ್ಲಿ ಒಗೆದರು? ಇದುವರೆಗೆ ಯಾವ ವಿದ್ಯಾರ್ಥಿಯೂ ಕೇಳಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಗುರುವಾರ ಹುಲಿಗೆಮ್ಮ ಡೈರಿಯನ್ನು ವಿಚಾರಣೆಯ ಡಾಕ್ಟರಿಗೆ ತಾನೇ ಒಪ್ಪಿಸಿದಳು. ಎರಡೂ ಸಾಲುಗಳ ಸಮೇತ. ಬಚ್ಚಿಡಲಿಲ್ಲ. ಅದನ್ನು ಇಲ್ಲಿ ಬರೆಯಲೇಬೇಕು.

ಡಾಕ್ಟರು ಒಳ್ಳೆಯವರು, ಕೂಗಾಡುವವರಲ್ಲ. ಭೂತಗನ್ನಡಿ ಹಿಡಿದು ನೋಡಿ, ಎರಡೂ ಬರಹ ಅವಳದೇ ಅಂದರು. ಮೇಲಿನದನ್ನು ಬರೆದದ್ದು ಮಂಗಳವಾರ ಸಂಜೆಯೋ, ರೇಣುಕಾ ಸತ್ತ ಶನಿವಾರವೋ? ಇಂಕು ಅದನ್ನು ಹೇಳುವುದಿಲ್ಲ. ನಳದ ಹತ್ತಿರ ಬೇರೆ ಯಾರೂ ಇರಲಿಲ್ಲ. ರೇಣುಕಾ ಮನೆಯಲ್ಲಿ ಹೇಳಿದಳೋ, ಅತ್ತೆ ಬೈಯುತ್ತಾಳೆಂದು ನುಂಗಿಕೊಂಡಳೋ, ಅವಳನ್ನು ಕೇಳುವಂತಿಲ್ಲ.

“ಆ ದಿನ ಇದನ್ನ ಬೇರೆ ಯಾರಿಗಾದ್ರೂ ಹೇಳಿದ್ರಾ?”

“ಅಕ್ಕಗ ಹೇಳೀನ್ರಿ. ಫೋನ್ ಹಚ್ಚಿದ್ದೆ.”

ಹೀಗೆ ಶುಕ್ರವಾರ ನಾನು ಡಾಕ್ಟರ ಮೇಜಿನ ಮುಂದೆ ಕುಳಿತೆ.

ನನ್ನ ಮೊಬೈಲಿನಲ್ಲಿ ಕರೆ ಬಂದ ದಾಖಲೆ ಇದೆ. ಮಂಗಳವಾರ ಸಂಜೆ ಏಳು ಮುಕ್ಕಾಲು, ನಾಲ್ಕು ನಿಮಿಷ. “ಬಾತು ಮಡಿಕಿ ಆಗ್ಯಾವಕ್ಕ” ಎಂಬ ಮಾತು ಅವಳದೇ ದನಿಯಲ್ಲಿ ನನ್ನ ಕಿವಿಯಲ್ಲಿದೆ. ಆದರೆ ಶನಿವಾರ ಮಧ್ಯಾಹ್ನವೂ ಅವಳು ಅಳುತ್ತ ಬಂದು ಎಲ್ಲವನ್ನೂ ಹೇಳಿದ್ದಳು. ಅದಾದ ಮೇಲೆ ಎಷ್ಟು ಸಲ ಹೇಳಿದ್ದಾಳೋ. ಕಿವಿಯಲ್ಲಿರುವ ಮಾತು ಯಾವ ದಿನದ್ದು? ನೆನಪಿನ ಮೇಲೆ ದಿನಾಂಕ ಇರುವುದಿಲ್ಲ.

ನಾನು ಇಪ್ಪತ್ತೆರಡು ವರ್ಷದಿಂದ ಡೈರಿ ಬರೆಯುವವಳು. ನನ್ನ ನೆನಪನ್ನು ನಂಬದೇ ಇರುವುದಕ್ಕೇ ಬರೆಯುತ್ತೇನೆ. ಇಂಕ್ ಪೆನ್ನಿನಲ್ಲಿ ಬರೆಯುತ್ತೇನೆ, ಯಾವ ಬಿಸಿಲಿಗೂ ಹೋಗುವುದಿಲ್ಲ. ಗುರುವಾರ ಸಂಜೆಯೇ ಆ ಪುಟ ತೆಗೆದು ನೋಡಿದ್ದೆ. ಮಂಗಳವಾರದ ಕೊನೆಯಲ್ಲಿ ಒಂದೇ ಸಾಲಿತ್ತು: “ಹುಲಿಗೆಮ್ಮ ಫೋನ್ ಮಾಡಿದ್ದಳು. ಸಂಡೂರಿನ ಮದುವೆಗೆ ಯಾವ ಬಸ್ಸು ಎಂದು ಮಾತಾಯಿತು.”

ರೇಣುಕಾಳ ಹೆಸರಿಲ್ಲ, ಕಾಲಿಲ್ಲ, ಬಾವಿಲ್ಲ.

ಅವಳು ಹೇಳಿರಲಿಲ್ಲವೇ? ಅಥವಾ ಹೇಳಿದ್ದು ನನಗೆ ಬರೆಯುವಷ್ಟು ದೊಡ್ಡದು ಅನಿಸಲಿಲ್ಲವೇ? ಯಾವುದೋ ಹೆಂಗಸಿನ ಕಾಲು ಬಾತದ್ದಕ್ಕಿಂತ ಮದುವೆಯ ಬಸ್ಸೇ ಹೆಚ್ಚಾಯಿತೇ? ಎರಡನೆಯದೂ ಆಗಿರಬಹುದು. ನನ್ನನ್ನು ನಾನು ಬಲ್ಲೆ.

ಡಾಕ್ಟರು ಬಿಳಿ ಹಾಳೆ ಮುಂದಿಟ್ಟರು. “ಹೇಳಿದ್ರು ಅಂತ ಬರೀರಿ ಮೇಡಂ, ಇಲ್ಲಾ ಹೇಳಿಲ್ಲ ಅಂತ ಬರೀರಿ. ನಿಮ್ಮ ಒಂದು ಮಾತಿನ ಮೇಲೆ ಇದು ನಿಂತಿದೆ.”

ಹೇಳಿದಳು ಎಂದು ಬರೆಯುವುದು ಎಷ್ಟು ಸುಲಭವಿತ್ತು. ಹುಲಿಗೆಮ್ಮ ಹೊರಗೆ ಬೆಂಚಿನ ಮೇಲೆ ಕುಳಿತಿದ್ದಳು. ಬಾಗಿಲ ಸಂದಿಯಲ್ಲಿ ಅವಳ ಚಪ್ಪಲಿ ಕಾಣುತ್ತಿತ್ತು.

ನಾನು ಬರೆದದ್ದು ಇಷ್ಟು: “ಮಂಗಳವಾರ ಸಂಜೆ ಕರೆ ಬಂದಿತ್ತು. ಕಾಲು ಬಾವಿನ ವಿಷಯ ಅವರು ನನಗೆ ಹೇಳಿದ್ದು ನೆನಪಿದೆ. ಅದು ಆ ದಿನವೇ ಹೇಳಿದ್ದು ಎಂದು ಖಾತ್ರಿಯಾಗಿ ಹೇಳಲಾರೆ.” ಸಹಿ ಹಾಕಿದೆ. ಡಾಕ್ಟರು ಓದಿ ಫೈಲಿನಲ್ಲಿ ಸೇರಿಸಿದರು.

ಇದನ್ನು ಪ್ರಾಮಾಣಿಕತೆ ಅನ್ನಬೇಕೋ, ಹೇಡಿತನ ಅನ್ನಬೇಕೋ ನನಗೆ ಇನ್ನೂ ತಿಳಿದಿಲ್ಲ. ಖಾತ್ರಿ ಇಲ್ಲ ಎಂದು ಬರೆಯುವ ಐಷಾರಾಮ ಸಂಬಳ ತಪ್ಪದವರಿಗೆ ಇರುತ್ತದೆ.

ಹತ್ತು ದಿನಕ್ಕೆ ಆದೇಶ ಬಂತು. ಹುಲಿಗೆಮ್ಮನನ್ನು ಕೆಲಸದಿಂದ ತೆಗೆದರು. ಈಗ ಊರಲ್ಲಿ ಅವಳು ನಳಕ್ಕೆ ಹೋದರೆ ಉಳಿದವರು ಕೊಡ ಎತ್ತಿಕೊಂಡು ದೂರ ಸರಿಯುತ್ತಾರಂತೆ. ನಮ್ಮ ಕೇರಿಯ ಹೆಣ್ಣುಮಕ್ಕಳಿಗೆ, ಅವಳ ಹಾಗೆ ಶಾಲೆ ಕಲಿಯಿರಿ ಎಂದು ಇನ್ನು ಹೇಳುವಂತಿಲ್ಲ.

ಕಳೆದ ಭಾನುವಾರ ಹೋಗಿದ್ದೆ. ಮನೆಯ ಮುಂದೆ ಕುಳಿತು ಶೇಂಗಾ ಸುಲಿಯುತ್ತಿದ್ದಳು. “ಕುಂದ್ರಕ್ಕ” ಅಂದಳು, ಚಾಪೆ ಹಾಕಿದಳು. ಇದನ್ನೆಲ್ಲ ಪೇಪರಿನಲ್ಲಿ ಬರೆಯಲೇ ಎಂದು ಕೇಳಿದೆ.

“ಬರಿ. ಹೆಸ್ರು ಬದಲು ಮಾಡು. ಆದ್ರ ಒಂದು ಮಾತು ಹಂಗ ಬರಿ.”

“ಏನು?”

ಅವಳು ಶೇಂಗಾದಿಂದ ಕಣ್ಣೆತ್ತಲಿಲ್ಲ. “ನಾ ಹೇಳಿದ್ದೆ. ನೀ ಕೇಳಿಸ್ಕೊಂಡಿದ್ದಿಲ್ಲ.”

ಹಾಗೆಯೇ ಬರೆದಿದ್ದೇನೆ. ಮನೆಗೆ ಬಂದ ಮೇಲೆ ಒಂದು ಲೆಕ್ಕ ಮಾತ್ರ ಬಿಡದೆ ಕಾಡುತ್ತಿದೆ. ಮಂಗಳವಾರ ಸಂಜೆಗೂ ಶನಿವಾರಕ್ಕೂ ನಡುವೆ ಮೂರು ಹಗಲು ಇದ್ದವು. ದೊಡ್ಡಾಸ್ಪತ್ರೆ ನಮ್ಮ ಮನೆಯಿಂದ ಆಟೋದಲ್ಲಿ ಹತ್ತು ನಿಮಿಷ. ನನ್ನ ಹತ್ತಿರ ಫೋನಿತ್ತು, ಕಾರಿತ್ತು, ಅಲ್ಲಿನ ಡಾಕ್ಟರುಗಳ ಪರಿಚಯವಿತ್ತು.

ಹುಲಿಗೆಮ್ಮ ಹೇಳುವುದು ನಿಜವಾದರೆ ರೇಣುಕಾಳ ಕಾಲು ಬಾತದ್ದು ಅಂದು ಸಂಜೆಯೇ ಇಬ್ಬರಿಗೆ ಗೊತ್ತಿತ್ತು. ಕೆಲಸ ಹೋದದ್ದು ಒಬ್ಬಳದೇ ಯಾಕೆ?