ಸಪ್ಪಲಮ್ಮ ಹೊಸ ಸ್ಟೇಷನ್ನಿಗೆ ಹೊರೆಗಲ್ಲು ತಂದದ್ದು

ಸಪ್ಪಲಮ್ಮನ ಎತ್ತರ ನಾಲ್ಕೂವರೆ ಅಡಿ. ತಲೆಯ ಮೇಲೆ ಸೊಪ್ಪಿನ ಮಂಕರಿ ಇದ್ದಾಗ ಆರು ಅಡಿ. ಹುಣಸೆಕುಂಟೆಯ ಜನ ಅವಳನ್ನು ಎರಡನೆಯ ಅಳತೆಯಲ್ಲೇ ಬಲ್ಲರು. ಗಂಡ ತೀರಿಕೊಂಡ ಮೇಲೆ ಹದಿನೆಂಟು ವರ್ಷ, ದೊಡ್ಡಬಳ್ಳಾಪುರದ ಕಡೆಯಿಂದ ಬರುವ ಬೆಳಗಿನ ರೈಲು ಹತ್ತಿ ಬೆಂಗಳೂರಿನ ಬೀದಿಗಳಿಗೆ ದಂಟು, ಮೆಂತ್ಯ, ಕೊತ್ತಂಬರಿ ಮುಟ್ಟಿಸಿದವಳು. ರೈಲು ಹೊತ್ತು ತಪ್ಪಿದ್ದುಂಟು, ಅವಳು ತಪ್ಪಿದ್ದಿಲ್ಲ.

ಆ ರೈಲು ನಿಲ್ಲುತ್ತಿದ್ದ ಎರಡು ಜಾಗಗಳನ್ನು ಸ್ಟೇಷನ್ ಅನ್ನುತ್ತಿದ್ದದ್ದು ಬರೀ ಮರ್ಯಾದೆಗೆ. ಹುಣಸೆಕುಂಟೆಯಲ್ಲಿ ಸೂರು ಹಾರಿಹೋದ ತಗಡಿನ ಗೂಡು. ಎರಡು ಮೈಲಿ ಆಚೆ ಬಂಡೆಪಾಳ್ಯದಲ್ಲಿ ಗೆದ್ದಲು ತಿಂದು ಬೋರ್ಡಿನಲ್ಲಿ ಊರಿನ ಅರ್ಧ ಹೆಸರೇ ಉಳಿದಿತ್ತು. ನಲವತ್ತಾರನೇ ಇಸವಿಯಲ್ಲಿ ಎರಡನ್ನೂ ಮುಚ್ಚಿ ನಡುವೆ ಹೆಂಚಿನ ಹೊಸ ಸ್ಟೇಷನ್ ಕಟ್ಟಿದರು. ಗಡಿಯಾರ, ಗಂಟೆ, ಟಿಕೆಟ್ ಕಿಟಕಿ, ಕೋಟು ತೊಟ್ಟ ಮಾಸ್ಟರ್ ಆದಿನಾರಾಯಣಪ್ಪ, ಎಲ್ಲ ಇತ್ತು. ಹೊರೆಗಲ್ಲು ಮಾತ್ರ ಇರಲಿಲ್ಲ.

ಹೊರೆಗಲ್ಲೆಂದರೆ ಎರಡು ನಿಲುಗಲ್ಲಿನ ಮೇಲೆ ಕತ್ತಿನೆತ್ತರಕ್ಕೆ ಒಂದು ಅಡ್ಡ ಚಪ್ಪಡಿ. ತಲೆಹೊರೆಯವರು ನಿಂತ ಹಾಗೇ ಭಾರವನ್ನು ಅದರ ಮೇಲೆ ಜಾರಿಸಿ, ಯಾರ ಕೈಯೂ ಬೇಡದೆ ಮತ್ತೆ ತಲೆಗೇರಿಸಿಕೊಳ್ಳಬಹುದು. ಹಳೆಯ ಗೂಡಿನ ಪಕ್ಕ ಅಂಥದೊಂದಿತ್ತು.

ಹೊಸ ಸ್ಟೇಷನ್ನಿನ ಮೊದಲ ದಿನ ಸಪ್ಪಲಮ್ಮ ಮಂಕರಿಯನ್ನು ನೆಲಕ್ಕಿಳಿಸಿ ಟಿಕೆಟ್ ಕೊಂಡಳು. ತಿರುಗಿದರೆ ಹೊರಿಸುವವರಿಲ್ಲ; ಎಲ್ಲರೂ ಡಬ್ಬಿಗಳತ್ತ ಓಡುತ್ತಿದ್ದರು. ರೈಲು ಹೋಯಿತು. ಆ ದಿನ ಊರ ಹಸುಗಳು ಕೊತ್ತಂಬರಿ ತಿಂದವು.

"ಆ ಕಲ್ಲು ಇಲ್ಲಿಗೆ ತರ್ಸಿ ಸ್ವಾಮಿ," ಅಂದಳು ಮಾಸ್ಟರಿಗೆ.

"ಮೇಲಿನ ಅಪ್ಪಣೆ ಇಲ್ದೆ ರೈಲ್ವೆ ಜಾಗದಲ್ಲಿ ಒಂದು ಇಟ್ಟಿಗೇನೂ ಇಡೋ ಹಾಗಿಲ್ಲಮ್ಮ. ಅರ್ಜಿ ಹಾಕು."

"ಹಾಕ್ತೀನಿ. ಅಪ್ಪಣೆ ಬರೋಗಂಟ ನೀವೇ ಕಲ್ಲು."

ಹೀಗೆ ಯುದ್ಧ ಸಾರಿದಂತಾಯಿತು. ಮರುದಿನ ಮಾಸ್ಟರು ಕೋಟು ತೊಟ್ಟುಕೊಂಡೇ ಮಂಕರಿ ಎತ್ತಿ ಹೊರಿಸಿದರು. ಅದರ ಮರುದಿನ ಬಂಡೆಪಾಳ್ಯದ ಅಂಜಿನಮ್ಮ, ನರಸಮ್ಮ ಅವಳ ಹಿಂದೆ ಸಾಲು ನಿಂತರು. ವಾರದೊಳಗೆ ಹನ್ನೊಂದು ಮಂಕರಿಗಳ ಸೈನ್ಯ. ಸೊಪ್ಪಿಗೆ ಚಿಮುಕಿಸಿದ ನೀರು ಮಾಸ್ಟರ ಕೋಟಿನ ತೋಳಿನೊಳಗಿಳಿದು ಸೊಂಟದ ಹತ್ತಿರ ಹೊರಬರುತ್ತಿತ್ತು. ಎಂಟನೆಯ ಬೆಳಿಗ್ಗೆ ಅವರು ಶರಣಾಗಿ ಅವಳನ್ನು ಬೇಲಿಯ ಗೇಟಿಗೆ ಕರೆದೊಯ್ದರು.

"ರೈಲ್ವೆ ಇಲ್ಲಿಗೆ ಮುಗೀತು. ಆಚೆ ಗೋಮಾಳ. ಅಲ್ಲಿ ನೀನು ಬೆಟ್ಟಾನೇ ತಂದು ನಿಲ್ಸು, ನಾನು ನೋಡಲ್ಲ."

ಗಾಡಿ ಹೊಡೆಯುವ ಬೈಲಪ್ಪ ಎರಡು ಜೊತೆ ಎತ್ತು ಕಟ್ಟಿ ಕಲ್ಲುಗಳನ್ನು ತಂದ. ಮೇಸ್ತ್ರಿ ಪಾಪಯ್ಯ ಗುಣಿ ತೋಡಿದ. ಅಳತೆಗೆ ಒಬ್ಬರು ಬೇಕಿತ್ತು, ಸಪ್ಪಲಮ್ಮ ಬೆಂಗಳೂರಿನಲ್ಲಿದ್ದಳು. ಆರಡಿ ಬೈಲಪ್ಪ ಎದೆಯುಬ್ಬಿಸಿ ನಿಂತ.

ಮಾರನೆಯ ಬೆಳಿಗ್ಗೆ ನೋಡಿದರೆ ಚಪ್ಪಡಿ ಅವಳ ಮಂಕರಿಯ ತಳಕ್ಕಿಂತ ಗೇಣುದ್ದ ಮೇಲಿತ್ತು.

"ಲೇ ಬೈಲಾ, ಯಾರಿಗೋ ಇದು, ಒಂಟೆಗಾ?"

"ನಂಗೆ ಸರಿಯಾಗೈತಲ್ಲಕ್ಕಾ."

"ನೀನು ಹುಟ್ಟಿದಾಗಿಂದ ಒಂದು ಕಟ್ಟು ದಂಟು ಹೊತ್ತಿದ್ದೀಯೇನೋ?"

ಪಾಪಯ್ಯ ತಲೆ ಕೆರೆದುಕೊಂಡ. "ಗಾರೆ ಹಿಡಿದ್ಬಿಟ್ಟೈತೆ ಕಣಕ್ಕಾ. ಕಿತ್ರೆ ಕಂಬ ಸೀಳುತ್ತೆ."

"ಕಲ್ಲು ಇಳಿಯಲ್ಲ ಅಂದ್ರೆ ನೆಲ ಏರ್ಲಿ ಬಿಡು," ಅಂದಳು ಸಪ್ಪಲಮ್ಮ.

ಅಂದು ಸಂಜೆಯ ರೈಲಿನಿಂದ ಇಳಿದ ಹನ್ನೊಂದು ಜನರೂ ಖಾಲಿ ಮಂಕರಿಗಳಲ್ಲಿ ಸ್ಟೇಷನ್ನಿನ ಪಾಯದಿಂದ ತೆಗೆದಿದ್ದ ಮಣ್ಣನ್ನು ತುಂಬಿ ತಂದು ಕಲ್ಲಿನ ಒಂದು ಬದಿಗೆ ಸುರಿದರು, ನೀರು ಹಾಕಿ ತುಳಿದರು. ಮೂರು ಸಂಜೆಗೆ ಮೊಣಕಾಲೆತ್ತರದ ಜಗಲಿ ಎದ್ದಿತು. ಇನ್ನೊಂದು ಬದಿಯನ್ನು ಬೈಲಪ್ಪನಂಥ ಉದ್ದಾಳುಗಳಿಗೆ ಬಿಟ್ಟರು.

ನಾಲ್ಕನೆಯ ಬೆಳಿಗ್ಗೆ ಸಪ್ಪಲಮ್ಮ ಜಗಲಿ ಹತ್ತಿ ಮಂಕರಿಯನ್ನು ಚಪ್ಪಡಿಗೆ ಜಾರಿಸಿದಳು. ಟಿಕೆಟ್ ಕೊಂಡು ಬಂದು, ಕತ್ತು ಒಂದಿಷ್ಟು ಬಾಗಿಸಿ, ತಾನೇ ತಲೆಗೇರಿಸಿಕೊಂಡಳು. ರೈಲು ಬಂದು ನಿಂತಿತ್ತು. ಮಾಸ್ಟರು ಅಭ್ಯಾಸಬಲದಿಂದ ಕೋಟಿನ ತೋಳು ಮಡಚಿಕೊಂಡು ಓಡಿ ಬಂದರು.

"ನೀವು ನಿಮ್ಮ ಬಾವುಟ ನೋಡ್ಕಳಿ ಸ್ವಾಮಿ," ಅಂದು ಅವಳು ಅವರನ್ನು ದಾಟಿ ಡಬ್ಬಿಯತ್ತ ನಡೆದಳು.

ಅಂದು ರೈಲು ಅರ್ಧ ನಿಮಿಷ ತಡವಾಗಿ ಹೊರಟಿತು. ಬಾವುಟ ತರಲು ಮಾಸ್ಟರು ಮತ್ತೆ ಒಳಗೆ ಹೋಗಬೇಕಾಯಿತು.