ಬೂಟ್ ಪಾಲಿಶ್ ಹಚ್ಚಿದ ಗೊಂಬೆ

ದಸರೆ ಬಂತೆಂದು ಗೊಂಬೆ ಪೆಟ್ಟಿಗೆ ತೆರೆದರೆ ನಿಮ್ಮ ಮನೆಯಲ್ಲಿ ಏನು ವಾಸನೆ ಬರುತ್ತದೋ ಗೊತ್ತಿಲ್ಲ. ವಿಶಾಖಪಟ್ಟಣದ ನಮ್ಮ ಮನೆಯಲ್ಲಿ ನುಸಿಗುಳಿಗೆಯ ಜೊತೆ ಬೂಟ್ ಪಾಲಿಶ್ ವಾಸನೆ ಬರುತ್ತದೆ. ಇಷ್ಟು ವರ್ಷದ ಮೇಲೆ ಅದೆಲ್ಲಿ ಉಳಿದಿರುತ್ತೆ, ನಿನ್ನ ಮೂಗಿನದೇ ಹಟ ಎನ್ನುತ್ತಾರೆ ನಮ್ಮನೆಯವರು. ಇರಲಿ.

ಅದು ಎಂಬತ್ತರ ದಶಕ. ಬ್ಯಾಂಕಿನಲ್ಲಿದ್ದ ಅಪ್ಪನಿಗೆ ಮೈಸೂರಿನಿಂದ ವಿಜಯವಾಡಕ್ಕೆ ವರ್ಗವಾಗಿತ್ತು. ಮನೆಗೆಲ್ಲ ನಾನೊಬ್ಬಳೇ ಕಪ್ಪು, ಅಮ್ಮನಿಗೆ ಅದೊಂದೇ ಚಿಂತೆ. ಭಾನುವಾರ ಬೆಳಗಾದರೆ ಕಡಲೆಹಿಟ್ಟಿಗೆ ಹಾಲಿನ ಕೆನೆ ಕಲಸಿ ನನ್ನ ಮುಖಕ್ಕೆ ಮೆತ್ತಿ, ಒಣಗುವವರೆಗೆ ಟಿವಿ ಮುಂದೆ ಕೂರಿಸುತ್ತಿದ್ದಳು. ನಗುವ ಹಾಗಿಲ್ಲ, ಹಿಟ್ಟು ಬಿರಿಯುತ್ತದೆ. ಬಜ್ಜಿಗೆ ಅದ್ದಿಟ್ಟ ಬದನೆಕಾಯಿ ಹೋಳಿನ ಹಾಗೆ ಕೂತಿರುತ್ತಿದ್ದೆ.

ಹಾಗೆ ಕೂತಾಗಲೇ ಅವಳನ್ನು ಕಂಡದ್ದು. ಯಾವುದೋ ಹೊರದೇಶದ ಮಕ್ಕಳ ಧಾರಾವಾಹಿ. ಆಫ್ರಿಕಾ ಮೂಲದ ಹುಡುಗಿ, ನನಗಿಂತ ಕಪ್ಪು, ಗುಂಗುರು ಕೂದಲು. ಕೆಟ್ಟ ದೋಣಿ ರಿಪೇರಿ ಮಾಡುವವಳು ಅವಳೇ. ಉಳಿದ ಮಕ್ಕಳೆಲ್ಲ ಮುಂದೇನು ಎಂದು ಅವಳ ಮುಖವನ್ನೇ ನೋಡುತ್ತಿದ್ದರು. ಅವಳ ಇಂಗ್ಲಿಷು ನನಗೆ ಅರ್ಧಂಬರ್ಧ. ಆದರೆ ಅವಳ ಮುಖಕ್ಕೆ ಯಾರೂ ಏನೂ ಮೆತ್ತುವುದಿಲ್ಲ ಎನ್ನುವುದು ಚೆನ್ನಾಗಿ ಅರ್ಥವಾಯಿತು. ಖುಷಿ ತಡೆಯಲಾರದೆ ನಕ್ಕೆ, ಹಿಟ್ಟು ಬಿರಿಯಿತು, ಬೈಸಿಕೊಂಡೆ.

ಆ ದಸರೆಗೆ ಅಪ್ಪ ಕೊಂಡಪಲ್ಲಿಯಿಂದ ಮರದ ಗೊಂಬೆ ತಂದರು: ಬಿಂದಿಗೆ ಹೊತ್ತ ಹುಡುಗಿ, ಗುಲಾಬಿ ಮುಖ. ನಮ್ಮ ಗೊಂಬೆ ಮೆಟ್ಟಿಲ ಮೇಲೆ ಮಹಿಷಾಸುರನೊಬ್ಬನನ್ನು ಬಿಟ್ಟರೆ ಎಲ್ಲರೂ ಗುಲಾಬಿಯೇ. ಕಾಲೋನಿಯ ನಾಟಕದಲ್ಲಿ ಅವನ ಪಾತ್ರ ನನಗೇ ಮೀಸಲು ಅನ್ನಿ. ಅಪ್ಪನ ಕಂದು ಪಾಲಿಶ್ ತೆಗೆದುಕೊಂಡು ಆ ಹುಡುಗಿಯ ಮುಖ, ಕೈಕಾಲುಗಳಿಗೆ ನಯವಾಗಿ ತಿಕ್ಕಿ, ಕೆಳಗಿನ ಮೆಟ್ಟಿಲಲ್ಲಿ ಇಟ್ಟೆ.

ಅರಿಶಿನ ಕುಂಕುಮಕ್ಕೆ ಜನ ಬರುವ ಹೊತ್ತಿಗೆ ಅಮ್ಮನ ಕಣ್ಣಿಗೆ ಬಿತ್ತು.

"ಅಯ್ಯೋ, ಹೊಸಾ ಗೊಂಬೆ ಹಾಳು ಮಾಡಿಟ್ಟೆಯಲ್ಲೇ!"

"ಹಾಳಾಗಿಲ್ಲಮ್ಮ. ನನ್ನ ಥರ ಆಗಿದೆ, ಅಷ್ಟೆ."

ಅಮ್ಮ ಗೊಂಬೆಯ ಮುಖವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದಳು. ಏಟು ಬೀಳುತ್ತದೆಂದು ನಾನು ಹಿಂದೆ ಸರಿದೆ. ಅಷ್ಟರಲ್ಲಿ ನಾನು ಅತ್ತಯ್ಯ ಎನ್ನುತ್ತಿದ್ದ ಪಕ್ಕದ ಮನೆಯ ತೆಲುಗು ಹೆಂಗಸು ಬಂದವರೇ ಗೊಂಬೆ ನೋಡಿ ನಕ್ಕರು. "ಎವರಮ್ಮಾ ಈ ನಲ್ಲ ಪಿಲ್ಲ?" ಯಾರಮ್ಮಾ ಈ ಕರಿ ಹುಡುಗಿ, ಎಂದು. ಅಮ್ಮ ಏನನ್ನುತ್ತಾಳೋ ಎಂದು ನಾನು ಅವಳ ಮುಖವನ್ನೇ ನೋಡಿದೆ.

ಅಮ್ಮ ಗೊಂಬೆಯನ್ನೆತ್ತಿ ಮೇಲಿನ ಮೆಟ್ಟಿಲಲ್ಲಿ, ಪಟ್ಟದ ರಾಜ ರಾಣಿಯರ ಪಕ್ಕ ಕೂರಿಸಿದಳು. ತನ್ನ ಹರಕುಮುರುಕು ತೆಲುಗಿನಲ್ಲಿ, "ಮಾ ಅಮ್ಮಾಯೇನಂಡಿ" ಎಂದಳು. ನಮ್ಮ ಹುಡುಗೀನೇ ರೀ.

ಮುಂದಿನ ಭಾನುವಾರ ಕಡಲೆಹಿಟ್ಟು ಬಜ್ಜಿಯಾಗಿ ಬಂತು. ಅಮ್ಮನೂ ಟಿವಿ ಮುಂದೆ ಕೂತು, ದೋಣಿ ರಿಪೇರಿಯ ಹುಡುಗಿಯನ್ನು ನೋಡಿ, "ಭಾರೀ ಚೂಟಿ ಕಣೇ ಇವಳು" ಎಂದಳು. ನಾನು ಮನಸಾರೆ ನಕ್ಕೆ.

ಈಗ ನೋಡಿದರೆ ಗೊಂಬೆಯ ಮೂಗಿನ ತುದಿಯಲ್ಲಿ ಹಳೆಯ ಗುಲಾಬಿ ಇಣುಕುತ್ತಿದೆ. ಈ ಸಲ ಪೆಟ್ಟಿಗೆಯಲ್ಲೇ ಇರಲಿ ಎಂದುಕೊಂಡೆ. ಅಷ್ಟರಲ್ಲಿ ಮಗಳು ಕಿತ್ತುಕೊಂಡಳು. ಅವಳಿಗೆ ಕನ್ನಡಕ್ಕಿಂತ ತೆಲುಗು ಸಲೀಸು. ಬಣ್ಣ ಮಾತ್ರ ನನ್ನದೇ.

"ಅಮ್ಮಾ, ಇದು ನಾನೇ ಕದಾ?" ನಾನೇ ಅಲ್ವಾ, ಎಂದು.

"ಹ್ಞೂಂ ಕಣೇ, ನೀನೇ" ಎಂದು, ಪಾಲಿಶ್ ಡಬ್ಬಿ ಹುಡುಕಲು ಎದ್ದೆ.